ಬ್ರೆಜಿಲ್ ಕಾಫಿ ಎಂದರೆ ಬರೀ ದೊಡ್ಡ ಎಸ್ಟೇಟ್‌ಗಳ ಕಾಫಿಯೇ? ಬೆಳೆಯುವ ಕುಟುಂಬಗಳಿಗೆ ನಮ್ಮ ಹಣ ಎಷ್ಟು ತಲುಪುತ್ತದೆ?

ಜಗತ್ತಿನಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬ್ರೆಜಿಲ್ ಒಂದರಿಂದಲೇ ಬರುತ್ತದೆ. ‘ಬ್ರೆಜಿಲ್‌ನಲ್ಲಿ ಹಿಮ ಬಿದ್ದಿದೆಯಂತೆ, ರೇಟು ಏರುತ್ತೆ’ ಎಂಬ ಮಾತು ಚಿಕ್ಕಮಗಳೂರು, ಕೊಡಗು, ಸಕಲೇಶಪುರದ ಬೆಳೆಗಾರರಿಗೆ ಹೊಸದಲ್ಲ. ಆದರೆ ಅಲ್ಲಿ ಕಾಫಿ ಬೆಳೆಯುವವರು ಯಾರು ಎಂದು ಕೇಳಿದರೆ, ಸಾವಿರಾರು ಎಕರೆ ತೋಟ, ದೈತ್ಯ ಯಂತ್ರ, ಒಬ್ಬ ಶ್ರೀಮಂತ ಮಾಲೀಕ ಎಂಬ ಚಿತ್ರವಷ್ಟೇ ನಮ್ಮ ಕಣ್ಣ ಮುಂದೆ ಬರುತ್ತದೆ. ‘ಫೇರ್ ಟ್ರೇಡ್ ಮುದ್ರೆ ಇರುವ ಪ್ಯಾಕೆಟ್ ಕೊಂಡರೆ ಸಾಕು, ರೈತ ಉದ್ಧಾರವಾಗುತ್ತಾನೆ’ ಎಂಬುದು ಇನ್ನೊಂದು ನಂಬಿಕೆ. ಎರಡೂ ಅರ್ಧಸತ್ಯಗಳು. ಒಂದೊಂದಾಗಿ ನೋಡೋಣ.

ನಂಬಿಕೆ 1: ಬ್ರೆಜಿಲ್ ಕಾಫಿ ಪೂರ್ತಿ ದೊಡ್ಡವರ ಕೈಯಲ್ಲಿದೆ

ಈ ಚಿತ್ರ ಸುಮ್ಮನೆ ಹುಟ್ಟಿದ್ದಲ್ಲ. 1727ರಲ್ಲಿ ಬ್ರೆಜಿಲ್‌ಗೆ ಬಂದ ಕಾಫಿ ಮುಂದಿನ ಶತಮಾನದಲ್ಲಿ ದೊಡ್ಡ ಉದ್ಯಮವಾಗಿ ಬೆಳೆದದ್ದು ಆಫ್ರಿಕಾದಿಂದ ತಂದ ಗುಲಾಮರ ದುಡಿಮೆಯ ಮೇಲೆ. ಅಲ್ಲಿ ಗುಲಾಮಗಿರಿ ರದ್ದಾಗಿದ್ದು 1888ರಲ್ಲಿ. ಆಮೇಲೆ ತೋಟದ ಕೆಲಸಕ್ಕೆ ಇಟಲಿಯಿಂದ, 1908ರಿಂದ ಜಪಾನಿನಿಂದಲೂ ಬಡ ಕುಟುಂಬಗಳು ಹಡಗು ಹತ್ತಿ ಬಂದವು. ಅವರಲ್ಲಿ ಕೆಲವರು ಕೂಡಿಟ್ಟ ಹಣದಲ್ಲಿ ತುಂಡು ಭೂಮಿ ಕೊಂಡು ತಾವೇ ಬೆಳೆಗಾರರಾದರು. 1929ರ ಆರ್ಥಿಕ ಕುಸಿತದಲ್ಲಿ ಕಾಫಿ ಬೆಲೆ ನೆಲಕಚ್ಚಿದಾಗ ಹಲವು ದೊಡ್ಡ ಎಸ್ಟೇಟ್‌ಗಳು ಒಡೆದು ಮಾರಾಟವಾದವು.

ಇವತ್ತಿನ ಸ್ಥಿತಿ ಏನು? ಬ್ರೆಜಿಲ್‌ನಲ್ಲಿ ‘ಕುಟುಂಬ ಕೃಷಿ’ ಎಂಬುದಕ್ಕೆ 2006ರ ಕಾನೂನಿನಲ್ಲೇ ವ್ಯಾಖ್ಯೆ ಇದೆ. ಜಮೀನು ನಿಗದಿತ ಮಿತಿಯೊಳಗಿರಬೇಕು, ಹೆಚ್ಚಿನ ದುಡಿಮೆ ಮನೆಯವರದ್ದೇ ಆಗಿರಬೇಕು, ಕೃಷಿಯೇ ಮನೆಯ ಮುಖ್ಯ ಆದಾಯವಾಗಿರಬೇಕು, ನಿರ್ವಹಣೆಯೂ ಮನೆಯವರದ್ದೇ ಇರಬೇಕು. 2017ರ ಕೃಷಿ ಗಣತಿಯ ಪ್ರಕಾರ ದೇಶದ ಒಟ್ಟು ಕೃಷಿ ಘಟಕಗಳಲ್ಲಿ 77% ಇಂತಹ ಕುಟುಂಬಗಳದ್ದು. ಅವರ ಕೈಯಲ್ಲಿರುವ ಭೂಮಿ ಮಾತ್ರ 23%. ಆದರೆ ಕಾಫಿ ಉತ್ಪಾದನೆಯ ಮೌಲ್ಯದಲ್ಲಿ ಅವರ ಪಾಲು 48%. ಅಂದರೆ ಹೆಚ್ಚುಕಡಿಮೆ ಅರ್ಧ.

ಭೂಮಿಯ ಏರಿಳಿತವೂ ಇದಕ್ಕೆ ಒಂದು ಕಾರಣ. ಮಿನಾಸ್ ಜೆರಾಯಿಸ್ ರಾಜ್ಯದ ಸೆರಾಡೊ ಬಯಲಿನಲ್ಲಿ ಯಂತ್ರ ಸಲೀಸಾಗಿ ಓಡುತ್ತದೆ. ಅಲ್ಲಿ ದೊಡ್ಡ ತೋಟಗಳು ಹೆಚ್ಚು. ಅದೇ ರಾಜ್ಯದ ಪೂರ್ವಭಾಗದ ಗುಡ್ಡಗಳಲ್ಲಿ, ಕಪರಾವೊ ಬೆಟ್ಟಸಾಲಿನಲ್ಲಿ ಇಳಿಜಾರು ಕಡಿದಾಗಿದೆ, ಕೊಯ್ಲು ಹೆಚ್ಚಾಗಿ ಕೈಯಿಂದಲೇ ನಡೆಯಬೇಕು. ರೆಂಬೆ ಹಿಡಿದು ಹಣ್ಣನ್ನೆಲ್ಲ ಒಟ್ಟಿಗೆ ಉದುರಿಸಿ, ಕಣದಲ್ಲಿ ಹರವಿ ಸಿಪ್ಪೆ ಸಮೇತ ಒಣಗಿಸುವುದು ಅಲ್ಲಿನ ಸಾಮಾನ್ಯ ರೂಢಿ. ನಮ್ಮ ಬೆಳೆಗಾರರು ಇದನ್ನೇ ‘ಚೆರ್ರಿ’ ಎನ್ನುತ್ತಾರೆ. ಎಸ್ಪಿರಿಟೊ ಸಾಂಟೊ ರಾಜ್ಯದ ಕೊನಿಲಾನ್, ಅಂದರೆ ರೊಬಸ್ಟಾ ಜಾತಿಯ ಕಾಫಿಯಲ್ಲೂ ಸಣ್ಣ ಕುಟುಂಬಗಳ ಪಾಲು ದೊಡ್ಡದು.

ನಂಬಿಕೆ 2: ಹಿಮ ಬಿದ್ದು ಬೆಲೆ ಏರಿದರೆ ಅಲ್ಲಿನ ರೈತರಿಗೆ ಹಬ್ಬ

ಮೊದಲಿಗೆ, ಇದನ್ನು ‘ಹಿಮಪಾತ’ ಎಂದು ಬರೆಯುವುದು ತಪ್ಪು. ಆಕಾಶದಿಂದ ಮಂಜು ಸುರಿಯುವುದಿಲ್ಲ. ಚಳಿಗಾಲದ ರಾತ್ರಿ ತಾಪಮಾನ ಸೊನ್ನೆಯ ಹತ್ತಿರ ಇಳಿದಾಗ ಇಬ್ಬನಿ ಎಲೆಯ ಮೇಲೇ ಹೆಪ್ಪುಗಟ್ಟುತ್ತದೆ, ಎಲೆಯೊಳಗಿನ ನೀರೂ ಗಟ್ಟಿಯಾಗಿ ಜೀವಕೋಶ ಒಡೆಯುತ್ತದೆ. ಮರುದಿನ ಬಿಸಿಲೇರಿದಂತೆ ಗಿಡ ಸುಟ್ಟಂತೆ ಕಪ್ಪಾಗುತ್ತದೆ. 1975ರ ಜುಲೈನಲ್ಲಿ ಪರಾನಾ ರಾಜ್ಯದ ಕಾಫಿ ತೋಟಗಳು ಹೀಗೆಯೇ ನಾಶವಾದವು. ಅಲ್ಲಿನ ಕಾಫಿ ಕೃಷಿ ಮತ್ತೆ ಹಳೆಯ ಮಟ್ಟಕ್ಕೆ ಏಳಲೇ ಇಲ್ಲ. 2021ರ ಜುಲೈನಲ್ಲೂ ದೊಡ್ಡ ಹಾನಿಯಾಯಿತು.

ಬೆಲೆ ಏರುವುದು ನಿಜ. ಆದರೆ ತೋಟ ಸುಟ್ಟವನ ಬಳಿ ಮಾರಲು ಕಾಫಿಯೇ ಇರುವುದಿಲ್ಲ. ಹೊಸ ಗಿಡ ನೆಟ್ಟರೆ ಫಸಲಿಗೆ ಸುಮಾರು ಮೂರು ವರ್ಷ ಕಾಯಬೇಕು. ಗೊಬ್ಬರದ ಸಾಲ ಮಾತ್ರ ಕಾಯುವುದಿಲ್ಲ. ಕೊಯ್ಲಿಗೆ ಮೊದಲೇ ಹಳೆಯ ದರಕ್ಕೆ ಮುಂಗಡ ಒಪ್ಪಂದ ಮಾಡಿಕೊಂಡವರಿಗೆ ಏರಿದ ಬೆಲೆಯ ಲಾಭವೂ ಇಲ್ಲ. ಆ ಏರಿಕೆಯ ಲಾಭ ಸಿಗುವುದು ಬೆಳೆ ಉಳಿದವರಿಗೆ. ನಮ್ಮ ಮಲೆನಾಡಿನ ಬೆಳೆಗಾರರೂ ಅವರಲ್ಲಿ ಸೇರುತ್ತಾರೆ.

ನಂಬಿಕೆ 3: ಫೇರ್ ಟ್ರೇಡ್ ಮುದ್ರೆ ಇದ್ದರೆ ಸಾಕು

ಈ ಮುದ್ರೆ ಏನು ಮಾಡುತ್ತದೆ ಎಂಬುದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಇದು ಮುಖ್ಯವಾಗಿ ಸಣ್ಣ ಬೆಳೆಗಾರರ ಸಂಘಗಳಿಗೆ ಒಂದು ಕನಿಷ್ಠ ಬೆಲೆಯ ಖಾತ್ರಿ ಕೊಡುತ್ತದೆ. 2023ರ ಆಗಸ್ಟ್‌ನಿಂದ ಪಲ್ಪ್ ಮಾಡಿ ತೊಳೆದ ಅರೇಬಿಕಾಕ್ಕೆ ಒಂದು ಪೌಂಡ್‌ಗೆ, ಅಂದರೆ ಸುಮಾರು 454 ಗ್ರಾಮಿಗೆ, 1.80 ಡಾಲರ್ ಕನಿಷ್ಠ ಬೆಲೆ. ಅದರ ಮೇಲೆ 20 ಸೆಂಟ್ ಸಂಘಕ್ಕೆ ಪ್ರೀಮಿಯಂ. ಈ ಪ್ರೀಮಿಯಂ ಅನ್ನು ಯಾವುದಕ್ಕೆ ಬಳಸಬೇಕೆಂದು ಸದಸ್ಯರೇ ತೀರ್ಮಾನಿಸುತ್ತಾರೆ.

2019ರಲ್ಲಿ ಅಂತರರಾಷ್ಟ್ರೀಯ ಬೆಲೆ ಒಂದು ಡಾಲರ್‌ಗಿಂತ ಕೆಳಗಿಳಿದಿತ್ತು. ಅಂತಹ ವರ್ಷದಲ್ಲಿ ಕನಿಷ್ಠ ಬೆಲೆ ಒಂದು ಕುಟುಂಬವನ್ನು ಸಾಲದಿಂದ ಉಳಿಸಬಲ್ಲದು. 2025ರ ಫೆಬ್ರುವರಿಯಲ್ಲಿ ಬೆಲೆ ನಾಲ್ಕು ಡಾಲರ್ ದಾಟಿತು. ಆಗ ಕನಿಷ್ಠ ಬೆಲೆಗೆ ಕೆಲಸವೇ ಇಲ್ಲ, ಮಾರುಕಟ್ಟೆ ದರವನ್ನೇ ಕೊಡಬೇಕು. ಇನ್ನೊಂದು ಮಾತು: ಸಂಘ ಬೆಳೆದದ್ದನ್ನೆಲ್ಲ ಈ ಮುದ್ರೆಯಡಿ ಕೊಳ್ಳುವವರು ಸಿಗುವುದಿಲ್ಲ. ಉಳಿದದ್ದು ಸಾಮಾನ್ಯ ಮಾರುಕಟ್ಟೆಗೇ ಹೋಗುತ್ತದೆ. ಹಾಗಾಗಿ ಮುದ್ರೆ ಉಪಯುಕ್ತ, ಆದರೆ ಪವಾಡವಲ್ಲ.

ಹಾಗಾದರೆ ನಿಜವಾಗಿ ಆಸರೆಯಾದದ್ದು ಏನು?

ಮೊದಲನೆಯದು ಸಹಕಾರ ಸಂಘ. ದಕ್ಷಿಣ ಮಿನಾಸ್‌ನ ಗ್ವಾಶುಪೆ ಊರಿನ ಕೂಶುಪೆ ಸಂಘ 1932ರಲ್ಲಿ ಸಾಲ ಕೊಡುವ ಸಹಕಾರಿಯಾಗಿ ಹುಟ್ಟಿ, ಇಂದು ಜಗತ್ತಿನ ಅತಿ ದೊಡ್ಡ ಕಾಫಿ ಸಹಕಾರಿಗಳಲ್ಲಿ ಒಂದಾಗಿದೆ. ಅದರ ಸದಸ್ಯರಲ್ಲಿ ಬಹುಪಾಲು ಸಣ್ಣ ಬೆಳೆಗಾರರು. ಗೋದಾಮು ಸಂಘದ್ದೇ ಇದ್ದರೆ, ಕಣದಿಂದ ಎತ್ತಿದ ದಿನವೇ ಸಿಕ್ಕಿದ ಬೆಲೆಗೆ ಮಾರಬೇಕಾದ ಒತ್ತಡ ಇರುವುದಿಲ್ಲ.

ಎರಡನೆಯದು ಸರ್ಕಾರದ ನೀತಿ. 1990ರ ದಶಕದ ನಡುವಿನಿಂದ ಕುಟುಂಬ ಕೃಷಿಗೆಂದೇ ಕಡಿಮೆ ಬಡ್ಡಿಯ ಸಾಲ ಯೋಜನೆ ಇದೆ. 2009ರ ಕಾನೂನು, ಶಾಲಾ ಊಟಕ್ಕೆ ಕೇಂದ್ರ ಕೊಡುವ ಹಣದಲ್ಲಿ ಕನಿಷ್ಠ 30% ಅನ್ನು ಕುಟುಂಬ ಕೃಷಿಕರಿಂದ ಕೊಳ್ಳಲು ಬಳಸಬೇಕೆಂದು ಹೇಳಿತು. ಕಾಫಿ ಜೊತೆ ಹುರುಳಿಕಾಯಿ, ಬಾಳೆ, ತರಕಾರಿ ಬೆಳೆಯುವ ಮನೆಗೆ ಕಾಫಿ ಕೈಕೊಟ್ಟ ವರ್ಷ ಇದೇ ಆಧಾರ.

ಒಂದು ಕಹಿ ಸತ್ಯ

ಕೊಯ್ಲಿನ ಕಾಲಕ್ಕೆ ಬೇರೆ ಊರುಗಳಿಂದ ಬರುವ ಕೂಲಿಗಳನ್ನು ಮರೆಯುವಂತಿಲ್ಲ. ಬ್ರೆಜಿಲ್‌ನ ಕಾರ್ಮಿಕ ತಪಾಸಣಾ ತಂಡಗಳು ‘ಗುಲಾಮಗಿರಿಗೆ ಸಮನಾದ ಸ್ಥಿತಿ’ಯಿಂದ ಬಿಡಿಸಿದ ಜನರಲ್ಲಿ ಕಾಫಿ ತೋಟದವರೂ ಇದ್ದಾರೆ. ಇಂತಹ ತಪ್ಪು ಮಾಡಿದ ಮಾಲೀಕರ ಹೆಸರುಗಳನ್ನು ಅಲ್ಲಿನ ಸರ್ಕಾರ ‘ಕೊಳಕು ಪಟ್ಟಿ’ ಎಂದೇ ಹೆಸರಾದ ಪಟ್ಟಿಯಲ್ಲಿ ಬಹಿರಂಗವಾಗಿ ಪ್ರಕಟಿಸುತ್ತದೆ. ಆದ್ದರಿಂದ ‘ರೈತನಿಗೆ ಒಳ್ಳೆಯ ಬೆಲೆ ಸಿಕ್ಕಿತೇ’ ಎಂದು ಕೇಳಿದಷ್ಟೇ ಗಟ್ಟಿಯಾಗಿ ‘ಹಣ್ಣು ಕೊಯ್ದವರಿಗೆ ಕೂಲಿ ಸಿಕ್ಕಿತೇ’ ಎಂದೂ ಕೇಳಬೇಕು.

ಕೊಳ್ಳುವಾಗ ಏನು ನೋಡಬೇಕು?

ವಿದೇಶದಲ್ಲಿರುವ ಕನ್ನಡಿಗರಿಗೆ ಬ್ರೆಜಿಲ್ ಕಾಫಿ ಅಂಗಡಿಯಲ್ಲೇ ಸಿಗುತ್ತದೆ. ಅವರು ಇಷ್ಟು ಗಮನಿಸಬಹುದು:

• ಪ್ಯಾಕೆಟ್ ಮೇಲೆ ‘ಬ್ರೆಜಿಲ್’ ಎಂದಷ್ಟೇ ಇದೆಯೇ, ಅಥವಾ ಪ್ರದೇಶ, ಸಂಘ ಇಲ್ಲವೇ ತೋಟದ ಹೆಸರೂ ಇದೆಯೇ?
• ಮಾರುವವರು ಬೆಳೆಗಾರರಿಗೆ ಕೊಟ್ಟ ಬೆಲೆಯನ್ನು ಬಹಿರಂಗಪಡಿಸುತ್ತಾರೆಯೇ?
• ಒಂದೇ ಸಂಘದಿಂದ ವರ್ಷ ವರ್ಷವೂ ಕೊಳ್ಳುತ್ತಾರೆಯೇ? ಒಂದು ಸಲದ ದೊಡ್ಡ ಬೆಲೆಗಿಂತ ನಿರಂತರ ಖರೀದಿಯನ್ನು ನಂಬಿ ಒಂದು ಮನೆ ಮುಂದಿನ ವರ್ಷದ ಲೆಕ್ಕ ಹಾಕಬಹುದು.
• ನಗುವ ರೈತನ ಫೋಟೊ ಪುರಾವೆಯಲ್ಲ.

ಇಲ್ಲಿ ಚಿಕ್ಕಮಗಳೂರಿನದೋ ಕೊಡಗಿನದೋ ಪುಡಿ ಕೊಳ್ಳುವವರೂ ಇದೇ ಪ್ರಶ್ನೆಗಳನ್ನು ಕೇಳಬಹುದು. ಭಾರತದಲ್ಲೂ ಕಾಫಿ ಬೆಳೆಗಾರರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರೇ.

ಒಟ್ಟಿನಲ್ಲಿ: ಬ್ರೆಜಿಲ್ ಕಾಫಿ ಪೂರ್ತಿ ದೊಡ್ಡವರದ್ದಲ್ಲ, ಮೌಲ್ಯದಲ್ಲಿ ಸುಮಾರು ಅರ್ಧ ಕುಟುಂಬಗಳದ್ದು. ಮುದ್ರೆ ಸಹಾಯ ಮಾಡುತ್ತದೆ, ಆದರೆ ಸಂಘ, ಸಾಲ, ಕೂಲಿ ಕಾನೂನು ಇವು ಇಲ್ಲದೆ ಅದೊಂದೇ ಸಾಲದು. ಮುಂದಿನ ಸಲ ‘ಬ್ರೆಜಿಲ್‌ನಲ್ಲಿ ಹಿಮ, ನಮಗೆ ಲಾಭ’ ಎಂಬ ಸಂದೇಶ ಬಂದಾಗ, ಫಾರ್ವರ್ಡ್ ಮಾಡುವ ಮೊದಲು ಆ ಹಿಮ ಯಾರ ತೋಟದ ಮೇಲೆ ಬಿತ್ತು ಎಂಬುದನ್ನೂ ಒಂದು ಸಾಲಿನಲ್ಲಿ ಸೇರಿಸಿ ಕಳುಹಿಸಿ.