ಹೇಳಿದವರ ಬಾಯಿ, ಬರೆದವರ ಕೈ: ಇಂಗ್ಲೆಂಡಿನ ಜನಗಣತಿ ಮತ್ತು ನೋಂದಣಿ ದಾಖಲೆಗಳಲ್ಲಿ ವಂಶಶೋಧ

1837ರ ಜುಲೈ 1ರಂದು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ ಆರಂಭವಾಯಿತು. ಅದೇ ತಿಂಗಳ 17ರಂದು ಬೆಂಗಳೂರಿನಲ್ಲಿ ಲಂಡನ್ ಮಿಷನ್ನಿನ ಪಾದ್ರಿ ಬೆಂಜಮಿನ್ ರೈಸ್ ಅವರ ಮನೆಯಲ್ಲಿ ಒಂದು ಗಂಡುಮಗು ಹುಟ್ಟಿತು. ಮುಂದೆ ಕರ್ನಾಟಕದ ಸಾವಿರಾರು ಶಾಸನಗಳನ್ನು ಓದಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಅಚ್ಚು ಹಾಕಿಸಿದ ಬಿ. ಎಲ್. ರೈಸ್ ಅವರೇ ಆ ಮಗು. ನಿವೃತ್ತರಾದ ಮೇಲೆ ಅವರು ಲಂಡನ್ ಬಳಿಯ ಹ್ಯಾರೋದಲ್ಲಿ ನೆಲೆಸಿ 1927ರಲ್ಲಿ ತೀರಿಕೊಂಡರು. ಅವರ ಮರಣವನ್ನು ಇಂಗ್ಲೆಂಡಿನ ನೋಂದಣಿಯಲ್ಲಿ ಹುಡುಕಬೇಕು. ಜನನವನ್ನು ಅಲ್ಲಿ ಹುಡುಕಿ ಫಲವಿಲ್ಲ. ಸಿಗದಿರುವುದಕ್ಕೆ ಕಾರಣ ನೋಂದಣಿಯ ಲೋಪವಲ್ಲ. ಆ ಕಾನೂನಿನ ಸರಹದ್ದು ಇಂಗ್ಲೆಂಡಿನ ಕಡಲತೀರಕ್ಕೇ ಮುಗಿಯುತ್ತಿತ್ತು.

ವಂಶ ಹುಡುಕುವ ಹವ್ಯಾಸಿಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ದಾಖಲೆಯನ್ನು ಅವರು ಸತ್ಯದ ಕಣಜವೆಂದು ನಂಬುತ್ತಾರೆ. ನಮ್ಮ ಹೆಳವರು ಮನೆಬಾಗಿಲಿಗೆ ಬಂದು ಒಪ್ಪಿಸುವ ವಂಶಾವಳಿ ಆ ಮನೆತನಕ್ಕೆಂದೇ ಹುಟ್ಟಿದ್ದು. ಇಂಗ್ಲೆಂಡಿನ ಖಾನೇಷುಮಾರಿಯಾಗಲಿ ನೋಂದಣಿಯಾಗಲಿ ಯಾವ ಮನೆತನಕ್ಕಾಗಿಯೂ ಹುಟ್ಟಿದ್ದಲ್ಲ. ಎಷ್ಟು ಜನ, ಏನು ಕಸುಬು, ಯಾವ ಕಾಯಿಲೆಯಿಂದ ಸತ್ತರು ಎಂಬುದಷ್ಟೇ ಸರ್ಕಾರಕ್ಕೆ ಬೇಕಿತ್ತು. ಆದ್ದರಿಂದ ಈ ದಾಖಲೆಗಳನ್ನು ಹಸ್ತಪ್ರತಿಗಳಂತೆ ಓದಬೇಕೆಂಬುದು ಈ ಲೇಖನದ ವಾದ. ಮೂಲಪ್ರತಿ ಎಲ್ಲಿದೆ, ಲಿಪಿಕಾರ ಯಾರು, ಅವನ ಮುಂದೆ ಕೂತು ಹೇಳಿದವರು ಯಾರು ಎಂದು ಗ್ರಂಥಸಂಪಾದಕ ಕೇಳುವ ಪ್ರಶ್ನೆಗಳನ್ನೇ ಇಲ್ಲೂ ಕೇಳಬೇಕು.

1837ಕ್ಕೆ ಮೊದಲು ಇದ್ದದ್ದು ಚರ್ಚಿನ ಪುಸ್ತಕಗಳು ಮಾತ್ರ. 1538ರಲ್ಲಿ ಥಾಮಸ್ ಕ್ರಾಮ್‌ವೆಲ್ ಹೊರಡಿಸಿದ ಆಜ್ಞೆಯಿಂದ ಪ್ರತಿ ಪ್ಯಾರಿಷ್‌ನಲ್ಲೂ ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ಬರೆದಿಡುವ ಪದ್ಧತಿ ಬಂತು. 1813ರಿಂದ ಅದಕ್ಕೆ ಅಚ್ಚಾದ ನಮೂನೆಗಳೂ ಬಂದವು. ಆದರೆ ಆಂಗ್ಲಿಕನ್ ಚರ್ಚಿಗೆ ಸೇರದವರು, ರೈಸ್ ಅವರ ತಂದೆಯ ಮಿಷನ್ನಿನಂಥ ಪಂಥಗಳವರು, ಆ ಪುಸ್ತಕಗಳಲ್ಲಿ ಸರಿಯಾಗಿ ಸಿಗುವುದಿಲ್ಲ. ಹೊಸ ಕಾನೂನು ಪಂಥ ನೋಡದೆ ಎಲ್ಲರನ್ನೂ ಒಂದೇ ಪುಸ್ತಕಕ್ಕೆ ತಂದಿತು.

ಆ ಪುಸ್ತಕದ ದಾರಿ ನೋಡಿ. ಸ್ಥಳೀಯ ರಿಜಿಸ್ಟ್ರಾರ್ ತನ್ನ ಪುಸ್ತಕದಲ್ಲಿ ಬರೆಯುತ್ತಿದ್ದ. ಮೂರು ತಿಂಗಳಿಗೊಮ್ಮೆ ಅದರ ನಕಲು ಲಂಡನ್ನಿನ ಪ್ರಧಾನ ಕಚೇರಿಗೆ ಹೋಗುತ್ತಿತ್ತು. ಅಲ್ಲಿನ ಗುಮಾಸ್ತರು ಆ ನಕಲಿನಿಂದ ಅಕಾರಾದಿ ಸೂಚಿ ತಯಾರಿಸುತ್ತಿದ್ದರು. ನಾವು ಇಂದು ಮೊದಲು ನೋಡುವುದು ಮೂಲದಿಂದ ಎರಡು ಮೆಟ್ಟಿಲು ಕೆಳಗಿರುವ ಆ ಸೂಚಿಯನ್ನು. ಸೂಚಿಯಲ್ಲಿ ಹೆಸರಿಲ್ಲವೆಂದರೆ ಮೂಲದಲ್ಲೂ ಇಲ್ಲವೆಂದು ತೀರ್ಮಾನಿಸುವಂತಿಲ್ಲ. ಜಿಲ್ಲಾ ಕಚೇರಿಯ ಪುಸ್ತಕದಲ್ಲಿ ಅದು ತಣ್ಣಗೆ ಕೂತಿರಬಹುದು. ಇನ್ನೊಂದು ಮಾತು, ಸೂಚಿಯಲ್ಲಿರುವ ತ್ರೈಮಾಸಿಕ ನೋಂದಣಿಯದು, ಹುಟ್ಟಿನದಲ್ಲ. ನೋಂದಣಿಗೆ 42 ದಿನಗಳ ಅವಕಾಶವಿತ್ತು. ಹಾಗಾಗಿ ಡಿಸೆಂಬರಿನಲ್ಲಿ ಹುಟ್ಟಿದ ಕೂಸು ಮರುವರ್ಷದ ಮಾರ್ಚ್ ತ್ರೈಮಾಸಿಕದಲ್ಲಿ ಸಿಕ್ಕರೆ ಬೆಚ್ಚಬೇಕಿಲ್ಲ.

ಮೊದಲ ಮೂವತ್ತೇಳು ವರ್ಷ ಮಗುವನ್ನು ನೋಂದಾಯಿಸುವ ಹೊಣೆ ಹೆಚ್ಚಾಗಿ ರಿಜಿಸ್ಟ್ರಾರನ ಮೇಲಿತ್ತು; ಮನೆಮನೆ ವಿಚಾರಿಸಿ ತಿಳಿದುಕೊಳ್ಳುವುದು ಅವನ ಕೆಲಸ. 1874ರ ಕಾನೂನು ಆ ಹೊಣೆಯನ್ನು ತಂದೆತಾಯಿಗಳ ಮೇಲೆ ಹೊರಿಸಿ ತಪ್ಪಿದರೆ ದಂಡ ವಿಧಿಸಿತು. 1860ರ ದಶಕದಲ್ಲಿ ಹುಟ್ಟಿದ ಮುತ್ತಜ್ಜ ಸಿಗದಿದ್ದರೆ ಈ ಕಾರಣವನ್ನು ಮೊದಲು ನೆನೆಯುವುದು ಒಳ್ಳೆಯದು.

ಸೂಚಿಯಲ್ಲಿ ತಾಯಿಯ ತವರಿನ ಕುಲನಾಮ ಕಾಣಿಸತೊಡಗಿದ್ದು 1911ರ ಸೆಪ್ಟೆಂಬರ್ ತ್ರೈಮಾಸಿಕದಿಂದ. ಅದಕ್ಕೆ ಹಿಂದೆ ಜಾನ್ ಸ್ಮಿತ್ ಎಂಬ ಹೆಸರು ಹುಡುಕುವುದು ನಮ್ಮಲ್ಲಿ ತಂದೆಯ ಹೆಸರಾಗಲಿ ಊರಿನ ಹೆಸರಾಗಲಿ ತಿಳಿಯದೆ ಒಬ್ಬ ಮಂಜುನಾಥನನ್ನು ಹುಡುಕಿದ ಹಾಗೆ. 2016ರಲ್ಲಿ ಪ್ರಧಾನ ಕಚೇರಿ ಹಳೆಯ ಜನನಗಳಿಗೆ ಹೊಸ ಸೂಚಿ ಮಾಡಿ, ತವರಿನ ಹೆಸರನ್ನು 1837ರವರೆಗೂ ಹಿಂದಕ್ಕೆ ಒಯ್ದಿತು. ಆ ಜಾಗದಲ್ಲಿ ಬರೀ ಒಂದು ಗೆರೆ ಇದ್ದರೆ ಸಾಮಾನ್ಯವಾಗಿ ಅದು ಮದುವೆಯಾಗದ ತಾಯಿಯ ಮಗು. ಒಂದು ಹೆಣ್ಣಿನ ಇಡೀ ಕಷ್ಟ ಆ ಸಣ್ಣ ಗೆರೆಯೊಳಗಿದೆ.

ಇನ್ನು ಹೇಳಿಕೆ ಕೊಟ್ಟವರ ವಿಚಾರ. ಈ ದಾಖಲೆಗಳಲ್ಲಿ ಅತ್ಯಂತ ಮುಖ್ಯವಾದದ್ದು ಈ ಕಲಮೆಂದೇ ನನ್ನ ಅಭಿಪ್ರಾಯ. ಹೆಚ್ಚಿನವರು ಓದದೆ ಬಿಡುವುದೂ ಇದನ್ನೇ. ಜನನ ಪತ್ರದಲ್ಲಿ ಮಾತಾಡಿದವಳು ಬಹುಪಾಲು ತಾಯಿ. ಹೆತ್ತ ದಿನ ಅವಳಿಗೆ ಗೊತ್ತು. ಆದರೆ ದಂಡಕ್ಕೆ ಹೆದರಿ ದಿನವನ್ನು ಒಂದು ವಾರ ಮುಂದೆ ತಳ್ಳಿರಲೂಬಹುದು. ಮರಣ ಪತ್ರದಲ್ಲಿ ಮಾತಾಡುವುದು ಸೊಸೆಯೋ ನೆರೆಮನೆಯವಳೋ ಬಡವರ ಆಶ್ರಯಶಾಲೆಯ ಮೇಲ್ವಿಚಾರಕನೋ. ಸತ್ತವನ ವಯಸ್ಸು ಅವರಿಗೇನು ಗೊತ್ತು? ಸುಮಾರು ಎಪ್ಪತ್ತು ಅಂದರೆ ಎಪ್ಪತ್ತು. ಮದುವೆಯ ಪತ್ರದಲ್ಲಿ ವಧೂವರರ ತಂದೆಯರ ಹೆಸರು, ಕಸುಬು ಇರುತ್ತವೆ. ಇದನ್ನು ಹೇಳುವವರು ವಧೂವರರೇ. ತಂದೆ ಯಾರೆಂದು ತಿಳಿಯದ ವರ, ಪಾದ್ರಿಯ ಮುಂದೆ ಮರ್ಯಾದೆ ಉಳಿಸಿಕೊಳ್ಳಲು ತಾತನ ಹೆಸರನ್ನೋ ಕಟ್ಟಿದ ಹೆಸರನ್ನೋ ಕೊಟ್ಟಿರುವುದುಂಟು. ತಾಯಿಯ ಹೆಸರಿಗೆ ಆ ಪತ್ರದಲ್ಲಿ ಜಾಗ ಸಿಕ್ಕಿದ್ದು 2021ರ ಮೇ ತಿಂಗಳಲ್ಲಿ.

ಮದುವೆ ತೀರ ದೂರದ ಪ್ಯಾರಿಷ್‌ನಲ್ಲಿ ಸಿಕ್ಕರೂ ಕಾರಣ ಹುಡುಕಬೇಕು. ಅಕ್ಕ ತೀರಿಕೊಂಡರೆ ಮಕ್ಕಳನ್ನು ನೋಡಿಕೊಳ್ಳಲೆಂದು ತಂಗಿಯನ್ನು ತಂದುಕೊಳ್ಳುವುದು ನಮ್ಮ ಕಡೆ ಹಿರಿಯರೇ ಮುಂದೆ ನಿಂತು ಮಾಡಿಸುವ ಏರ್ಪಾಡು. ಇಂಗ್ಲೆಂಡಿನಲ್ಲಿ 1835ರ ಕಾನೂನು ಅಂಥ ಮದುವೆಗಳನ್ನು ಅಸಿಂಧುವೆಂದಿತು, 1907ರವರೆಗೆ ಅದು ಹಾಗೇ ಇತ್ತು. ಗುರುತಿನವರಿಲ್ಲದ ಊರಿಗೆ ಹೋಗಿ ಮದುವೆಯಾಗಿ ಬಂದವರಿದ್ದಾರೆ.

ಜನಗಣತಿಗೆ ಬರೋಣ. 1801ರಿಂದ ಹತ್ತು ವರ್ಷಕ್ಕೊಮ್ಮೆ ನಡೆದರೂ ಮೊದಲ ನಾಲ್ಕು ಗಣತಿಗಳು ಹೆಚ್ಚುಕಡಿಮೆ ತಲೆ ಎಣಿಕೆ. ಎಲ್ಲರ ಹೆಸರೂ ಬಂದದ್ದು 1841ರ ಜೂನ್ 6ರ ಗಣತಿಯಲ್ಲಿ. ಅದರ ಒಂದು ಪುಟವನ್ನು ಹತ್ತಿರದಿಂದ ನೋಡಿದರೆ ಅದರ ಸ್ವಭಾವ ತಿಳಿಯುತ್ತದೆ. ಪೆನ್ಸಿಲ್ ಬರಹ ಮಾಸಿದೆ. ಮನೆಯೊಳಗಿನ ಒಂದು ಸಂಸಾರ ಮುಗಿದಲ್ಲಿ ಒಂದು ಓರೆಗೆರೆ, ಮನೆಯೇ ಮುಗಿದಲ್ಲಿ ಎರಡು. ಹದಿನೈದು ವರ್ಷ ಮೀರಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಬೇಕೆಂದು ಗಣತಿದಾರರಿಗೆ ಸೂಚನೆಯಿತ್ತು. ನಲವತ್ತನಾಲ್ಕರ ಗೃಹಿಣಿ ನಲವತ್ತಾಗುತ್ತಾಳೆ. ಇಪ್ಪತ್ತೊಂದರ ಅಣ್ಣ, ಇಪ್ಪತ್ತನಾಲ್ಕರ ಹಿರಿಯಣ್ಣ ಇಬ್ಬರೂ ಇಪ್ಪತ್ತರ ಅವಳಿಗಳಂತೆ ನಿಲ್ಲುತ್ತಾರೆ. ಕೆಲವು ಗಣತಿದಾರರು ಸೂಚನೆ ಮೀರಿ ನಿಜವಾದ ವಯಸ್ಸನ್ನೇ ಬರೆದಿದ್ದಾರೆ, ಅದು ನಮ್ಮ ಪುಣ್ಯ. ಸಂಬಂಧದ ಕಲಮೇ ಇಲ್ಲ. ಹೆಂಡತಿ, ತಂಗಿ, ಅತ್ತಿಗೆ ಯಾರೆಂದು ನಾವೇ ಊಹಿಸಬೇಕು. ಹುಟ್ಟಿದ್ದು ಇದೇ ಕೌಂಟಿಯಲ್ಲೇ ಎಂಬುದಕ್ಕೆ ಹೌದು, ಇಲ್ಲ ಎಂಬ ಒಂದಕ್ಷರದ ಉತ್ತರ.

1851ರ ಮಾರ್ಚ್ 30ರ ಗಣತಿಯಿಂದ ಸಂಬಂಧ, ವಿವಾಹ ಸ್ಥಿತಿ, ನಿಖರ ವಯಸ್ಸು, ಹುಟ್ಟಿದ ಪ್ಯಾರಿಷ್ ಎಲ್ಲವೂ ಬರುತ್ತವೆ. ವಂಶಶೋಧದ ನಿಜವಾದ ಬಾಗಿಲು ಇದೇ. 1790ರಲ್ಲಿ ಹುಟ್ಟಿದ ಮುದುಕ 1851ರಲ್ಲಿ ಬದುಕಿದ್ದರೆ ಅವನ ಹುಟ್ಟೂರು ತಿಳಿದು, ಅಲ್ಲಿಂದ ಚರ್ಚಿನ ಪುಸ್ತಕಕ್ಕೆ ದಾರಿ ಸಿಗುತ್ತದೆ. ಆದರೆ ಒಬ್ಬನ ಹುಟ್ಟೂರು ಗಣತಿಯಿಂದ ಗಣತಿಗೆ ಬದಲಾದರೆ ಯಾವುದನ್ನು ನಂಬುವುದು? ಅವನು ಮಗುವಾಗಿದ್ದಾಗಿನ ಪಾಠಾಂತರಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಆಗ ಉತ್ತರ ಹೇಳಿದವರು ಹೆತ್ತವರು. ದೊಡ್ಡವನಾದ ಮೇಲೆ ಅವನು ಹೇಳುವುದು ತಾನು ಬುದ್ಧಿ ತಿಳಿದ ಊರನ್ನು. ಸಂಬಂಧದ ಪದಗಳಲ್ಲೂ ಒಂದು ಬಲೆಯಿದೆ. ಆ ಕಾಲದಲ್ಲಿ ‘ಸನ್-ಇನ್-ಲಾ’ ಎಂದರೆ ಅಳಿಯನೂ ಆಗಬಹುದು, ಮಲಮಗನೂ ಆಗಬಹುದು. ಅಳಿಯನೆಂದುಕೊಂಡು ಮಗಳನ್ನು ಹುಡುಕಲು ಹೊರಟವರು, ಆ ಅಳಿಯನ ವಯಸ್ಸು ಎಂಟು ಎಂಬುದನ್ನು ಗಮನಿಸಿದರೆ ಒಂದು ದಿನದ ಶ್ರಮ ಉಳಿಯುತ್ತದೆ.

1841ರಿಂದ 1901ರವರೆಗಿನ ಗಣತಿಗಳಲ್ಲಿ ನಮಗೆ ಉಳಿದಿರುವುದು ಮನೆಯವರು ತುಂಬಿದ ಹಾಳೆಯಲ್ಲ, ಗಣತಿದಾರ ಅದನ್ನು ನೋಡಿ ಪುಸ್ತಕಕ್ಕೆ ಇಳಿಸಿಕೊಂಡ ನಕಲು. ಅದರ ಮೇಲೆ ಲಂಡನ್ನಿನ ಗುಮಾಸ್ತರು ಎಣಿಸುತ್ತಾ ಎಳೆದ ಗೀಟುಗಳು. ಎಷ್ಟೋ ವಯಸ್ಸುಗಳು ಆ ಗೀಟಿನಡಿ ಹೂತುಹೋಗಿವೆ. 1911ರ ಏಪ್ರಿಲ್ 2ರ ಗಣತಿಯಲ್ಲಿ ಮಾತ್ರ ಮನೆಯ ಯಜಮಾನನ ಕೈಬರಹವೇ ಉಳಿದಿದೆ. ಮದುವೆಯಾಗಿ ಎಷ್ಟು ವರ್ಷ, ಹೆತ್ತ ಮಕ್ಕಳೆಷ್ಟು, ಉಳಿದವರೆಷ್ಟು, ಸತ್ತವರೆಷ್ಟು ಎಂದು ಗಂಡನಿರುವ ಹೆಂಗಸರನ್ನು ಮಾತ್ರ ಕೇಳಿತ್ತು. ವಿಧವೆಯರು, ವಿಧುರರು ತಿಳಿಯದೆ ತಮ್ಮ ಲೆಕ್ಕವನ್ನೂ ಬರೆದರು. ಅಧಿಕಾರಿಗಳು ಕೆಂಪು ಶಾಯಿಯಿಂದ ಹೊಡೆದುಹಾಕಿದರು. ಹೊಡೆದದ್ದರ ಕೆಳಗೆ ಅಂಕಿ ಇಂದಿಗೂ ಓದಲು ಬರುತ್ತದೆ, ಮತ್ತು ಸಂಶೋಧಕನಿಗೆ ಬೇಕಾದದ್ದು ಬಹಳ ಸಲ ಅದೇ. ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಹೆಂಗಸರು ಆ ಗಣತಿಯನ್ನು ಬಹಿಷ್ಕರಿಸಿದರು. ಅವರಲ್ಲೊಬ್ಬರಾದ ಎಮಿಲಿ ವೈಲ್ಡಿಂಗ್ ಡೇವಿಸನ್ ಆ ರಾತ್ರಿ ಪಾರ್ಲಿಮೆಂಟಿನ ಕಟ್ಟಡದಲ್ಲೇ ಒಂದು ಬೀರುವಿನಂಥ ಕೋಣೆಯಲ್ಲಿ ಅಡಗಿಕೊಂಡರು. ಸಿಕ್ಕಿಬಿದ್ದು ಅಲ್ಲಿಯೂ ದಾಖಲಾದರು, ಬಾಡಿಗೆ ಮನೆಯ ಹಾಳೆಯಲ್ಲಿಯೂ ದಾಖಲಾದರು. ಎಣಿಕೆಗೆ ಸಿಗಬಾರದೆಂದವರು ಎರಡು ಸಲ ಎಣಿಕೆಯಾದರು.

ದಂಡದ ಕಾನೂನು ಬಂದ ಮೇಲೂ ಪುಸ್ತಕದಿಂದ ತಪ್ಪಿಸಿಕೊಂಡವರಿಗೆ ಅತಿ ಪ್ರಸಿದ್ಧ ನಿದರ್ಶನ ಚಾರ್ಲಿ ಚಾಪ್ಲಿನ್. 1889ರ ಏಪ್ರಿಲ್‌ನಲ್ಲಿ ಹುಟ್ಟಿದ ಅವರಿಗೆ ಜನನ ಪತ್ರವಿಲ್ಲ. 1952ರಲ್ಲಿ ಬ್ರಿಟಿಷ್ ಗುಪ್ತಚರ ಇಲಾಖೆ ಎಂಐ5 ಹುಡುಕಿಯೂ ಸಿಗಲಿಲ್ಲ. ಈ ಖಾಲಿ ಜಾಗದಲ್ಲಿ ಕಥೆಗಳು ಬೆಳೆದವು. ಫ್ರಾನ್ಸಿನಲ್ಲಿ ಹುಟ್ಟಿದರೆಂದರು, ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆಥ್ವಿಕ್‌ನಲ್ಲಿ ಜಿಪ್ಸಿಗಳ ಬಂಡಿಯಲ್ಲಿ ಹುಟ್ಟಿದರೆಂದರು. ಸ್ವತಃ ಚಾಪ್ಲಿನ್ ನಂಬಿದ್ದು ದಕ್ಷಿಣ ಲಂಡನ್ನಿನ ವಾಲ್‌ವರ್ತಿನ ಈಸ್ಟ್ ಸ್ಟ್ರೀಟ್. ಗ್ರಂಥಸಂಪಾದಕನಾದರೆ ಇಲ್ಲಿ ಏನು ಮಾಡುತ್ತಾನೆ? ಮೂಲಪ್ರತಿ ಕಳೆದಿದೆ, ಸುತ್ತಲಿನ ಪ್ರತಿಗಳನ್ನು ಕೂಡಿಸಿ ನೋಡುತ್ತಾನೆ. ತಂದೆತಾಯಿಗಳ ಮದುವೆ 1885ರ ಜೂನ್‌ನಲ್ಲಿ ವಾಲ್‌ವರ್ತಿನ ಸೇಂಟ್ ಜಾನ್ ಚರ್ಚಿನಲ್ಲಿ ಆಯಿತು. 1889ರ ಮೇ ತಿಂಗಳಲ್ಲಿ ‘ಮ್ಯಾಗ್ನೆಟ್’ ಎಂಬ ರಂಗಭೂಮಿ ಪತ್ರಿಕೆ ಗಂಡುಮಗು ಹುಟ್ಟಿದ ಸುದ್ದಿ ಹಾಕಿತು. ಅದರ ಪ್ರಕಾರ ದಿನಾಂಕ 15, ಚಾಪ್ಲಿನ್ ಆಚರಿಸುತ್ತಿದ್ದದ್ದು 16. 1891ರ ಏಪ್ರಿಲ್ 5ರ ಗಣತಿ ತಾಯಿ ಹ್ಯಾನಾ, ಅಣ್ಣ ಸಿಡ್ನಿಯ ಜೊತೆ ಮಗುವನ್ನು ವಾಲ್‌ವರ್ತಿನ ಬಾರ್ಲೋ ಸ್ಟ್ರೀಟಿನಲ್ಲಿ ತೋರಿಸುತ್ತದೆ. ತಂದೆ ಆ ಮನೆಯಲ್ಲಿಲ್ಲ. ಮುಂದೆ ಬಡವರ ಆಶ್ರಯಶಾಲೆಯ, ಹ್ಯಾನ್‌ವೆಲ್ ಶಾಲೆಯ ಪುಸ್ತಕಗಳು ಇದೇ ಮಕ್ಕಳನ್ನು ಹಿಂಬಾಲಿಸುತ್ತವೆ. ಯಾವ ಒಂದು ಪ್ರತಿಯೂ ಹುಟ್ಟನ್ನು ಸಾಬೀತು ಮಾಡುವುದಿಲ್ಲ, ಆದರೆ ಎಲ್ಲವೂ ಕೂಡಿ ವಾಲ್‌ವರ್ತಿನ ಕಡೆಗೇ ಕೈತೋರುತ್ತವೆ. ಬಂಡಿಯ ಕಥೆಗಿರುವ ಆಧಾರ ಬಹಳ ವರ್ಷಗಳ ನಂತರ ಬರೆದ ಒಂದು ಪತ್ರ. ನಾನು ವಾಲ್‌ವರ್ತಿನ ಪರ.

ಇಪ್ಪತ್ತನೆಯ ಶತಮಾನದಲ್ಲಿ ದೊಡ್ಡ ಕಂದಕಗಳಿವೆ. 1931ರ ಗಣತಿಯ ಹಾಳೆಗಳು 1942ರ ಡಿಸೆಂಬರ್‌ನಲ್ಲಿ ಹೇಯ್ಸ್‌ನ ಗೋದಾಮಿನಲ್ಲಿ ಬೆಂಕಿಗೆ ಆಹುತಿಯಾದವು. ಯುದ್ಧದಿಂದಾಗಿ 1941ರ ಗಣತಿ ನಡೆಯಲಿಲ್ಲ. ನಡುವೆ 1939ರ ಸೆಪ್ಟೆಂಬರ್ 29ರಂದು ಗುರುತಿನ ಚೀಟಿಗಾಗಿ ಮಾಡಿದ ನೋಂದಣಿಯೊಂದೇ ಆಸರೆ. ಮುಂದೆ ಆರೋಗ್ಯ ಸೇವೆಯೂ ಅದೇ ಪುಸ್ತಕವನ್ನು ಬಳಸಿದ್ದರಿಂದ ಆಮೇಲೆ ಮದುವೆಯಾದ ಹುಡುಗಿಯರ ಹೊಸ ಕುಲನಾಮವನ್ನೂ ಹಳೆಯದರ ಮೇಲೆ ಬರೆದಿದ್ದಾರೆ. 1921ರ ಗಣತಿ ನೂರು ವರ್ಷದ ನಿಯಮದಂತೆ 2022ರ ಜನವರಿಯಲ್ಲಿ ತೆರೆಯಿತು. 1951ರದು 2052ರವರೆಗೆ ಮುಚ್ಚಿರುತ್ತದೆ.

ರೈಸ್ ಅವರಂತೆ ಭಾರತದಲ್ಲಿ ಹುಟ್ಟಿದವರನ್ನು ಎಲ್ಲಿ ಹುಡುಕುವುದು? ಕಂಪನಿ ಆಡಳಿತದ ಕಾಲದಿಂದಲೂ ಇಲ್ಲಿನ ಚರ್ಚುಗಳು ದೀಕ್ಷಾಸ್ನಾನ, ಮದುವೆ, ಸಮಾಧಿಗಳ ನಕಲನ್ನು ಪ್ರೆಸಿಡೆನ್ಸಿಯ ಮೂಲಕ ಲಂಡನ್ನಿಗೆ ಕಳಿಸುತ್ತಿದ್ದವು. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಮದ್ರಾಸಿನ ಸರಣಿಗೆ ಎನ್/2 ಎಂದು ಗುರುತು. ಬೆಂಗಳೂರು ದಂಡಿನ ಆಂಗ್ಲಿಕನ್ ಕುಟುಂಬಗಳು ಸಿಗುವುದು ಅಲ್ಲಿ. ಮಿಷನರಿಗಳ ಮಕ್ಕಳಿಗೆ ಮಿಷನ್ನಿನ ಕಾಗದಪತ್ರಗಳನ್ನೇ ನೋಡಬೇಕು; ಲಂಡನ್ ಮಿಷನ್ನಿನವು ಲಂಡನ್ನಿನ ಸೋಯಾಸ್ ಗ್ರಂಥಾಲಯದಲ್ಲಿವೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕೋಲಾರದ ಗಣಿಗೆ ಕೈಹಾಕಿದ ಮೇಲೆ ಕಾರ್ನ್‌ವಾಲಿನಿಂದ ಬಂದ ಗಣಿಗಾರರದು ಇನ್ನೊಂದು ಎಳೆ. 1881ರ ಗಣತಿಯಲ್ಲಿ ಕ್ಯಾಮ್‌ಬೋರ್ನ್‌ನಲ್ಲಿದ್ದ ಗಣಿಗಾರ 1891ರಲ್ಲಿ ಕಾಣದಿದ್ದರೆ ಸತ್ತನೆಂದು ಬರೆಯುವ ಮೊದಲು ಕೋಲಾರದ ಊರಿಗಾಂ, ಚಾಂಪಿಯನ್ ರೀಫ್ ಗಣಿಗಳನ್ನು ನೆನೆಯಬೇಕು.

ಕೆಜಿಎಫ್‌ನಲ್ಲಿ, ಬೆಂಗಳೂರಿನಲ್ಲಿ ಆ ಕುಟುಂಬಗಳ ಸಮಾಧಿಕಲ್ಲುಗಳಿವೆ. ಹುಟ್ಟೂರು, ವಯಸ್ಸು, ಹೆಂಡತಿಯ ಹೆಸರು ಕಲ್ಲಿನ ಮೇಲೆ ಮಾತ್ರ ಉಳಿದಿರುವ ಸಂದರ್ಭಗಳೂ ಇರುತ್ತವೆ. ಹಳೆಗನ್ನಡ ಶಾಸನದ ಪಡಿಯಚ್ಚು ತೆಗೆಯುವುದನ್ನು ವಿದ್ಯಾರ್ಥಿಗಳಿಗೆ ಕಲಿಸುವ ನಮ್ಮ ಇತಿಹಾಸ ವಿಭಾಗಗಳು ವರ್ಷಕ್ಕೊಮ್ಮೆ ಈ ಸ್ಮಶಾನಗಳಿಗೂ ಹೋಗಿ, ಅಕ್ಷರ ಸವೆಯುವ ಮೊದಲು ಪ್ರತಿ ಮಾಡಿಡಲಿ.