ಟಿಪ್ಪುವಿಗೆ ಪತ್ರ ಬರೆದವನು ‘ಕ್ರಿಸ್ತವಿರೋಧಿ’ಯಾದ ಕಥೆ

1799ರ ಜನವರಿ 25ರಂದು ಈಜಿಪ್ಟಿನ ಕೈರೋ ನಗರದಿಂದ ಶ್ರೀರಂಗಪಟ್ಟಣಕ್ಕೆ ಒಂದು ಪತ್ರ ಹೊರಟಿತು. ಬರೆದವನು ಇಪ್ಪತ್ತೊಂಬತ್ತರ ಹರೆಯದ ಫ್ರೆಂಚ್ ಸೇನಾನಿ ನೆಪೋಲಿಯನ್ ಬೋನಪಾರ್ಟ್. ದೊಡ್ಡ ಸೈನ್ಯದೊಂದಿಗೆ ಕೆಂಪು ಸಮುದ್ರದ ದಡಕ್ಕೆ ಬಂದಿದ್ದೇನೆ, ಇಂಗ್ಲಿಷರ ನೊಗದಿಂದ ನಿಮ್ಮನ್ನು ಬಿಡಿಸುವ ಇಚ್ಛೆಯಿದೆ, ನಂಬಿಕಸ್ಥನೊಬ್ಬನನ್ನು ಮಾತುಕತೆಗೆ ಕಳುಹಿಸಿ ಎಂಬುದು ಅದರ ಸಾರಾಂಶ. ಪತ್ರ ಟಿಪ್ಪು ಸುಲ್ತಾನನ ಕೈ ಸೇರಲಿಲ್ಲ. ದಾರಿಯಲ್ಲೇ ಇಂಗ್ಲಿಷರ ವಶವಾಯಿತು. ಮೇ 4ರಂದು ಕೋಟೆ ಬಿದ್ದು ಟಿಪ್ಪು ಮಡಿದ.

ಮೈಸೂರಿನವರಿಗೆ ಇಷ್ಟು ಕಥೆ ಹೊಸದೇನಲ್ಲ. ಆದರೆ ಪತ್ರ ಬರೆದವನ ಮುಂದಿನ ಗತಿ ಕುತೂಹಲಕರವಾಗಿದೆ. ಎಂಟು ವರ್ಷ ತುಂಬುವ ಮೊದಲೇ ರಷ್ಯಾದ ಚರ್ಚುಗಳಲ್ಲಿ ಅವನ ವಿರುದ್ಧ ಒಂದು ಪ್ರಕಟಣೆಯನ್ನು ಓದಿ ಹೇಳಲಾಯಿತು. 1806ರ ಡಿಸೆಂಬರ್‌ನಲ್ಲಿ ಅಲ್ಲಿನ ಧರ್ಮಸಭೆ ಹೊರಡಿಸಿದ ಈ ಪ್ರಕಟಣೆಯ ಪ್ರಕಾರ ನೆಪೋಲಿಯನ್ ಕ್ರಿಸ್ತನ ವೈರಿ, ಮೆಸ್ಸೀಯನೆಂದು ತನ್ನನ್ನು ಕರೆಸಿಕೊಳ್ಳಲು ಹೊರಟ ಮೋಸಗಾರ. ಆರೋಪಗಳಲ್ಲಿ ಒಂದು, ಈಜಿಪ್ಟಿನಲ್ಲಿದ್ದಾಗ ಅವನು ಇಸ್ಲಾಂ ಧರ್ಮದ ಗೆಳೆಯನಂತೆ ನಡೆದುಕೊಂಡನೆಂಬುದು. ಅಂದರೆ ಟಿಪ್ಪುವಿಗೆ ಪತ್ರ ಬರೆದ ಆ ದಿನಗಳೇ ಅವನ ಮೇಲಿನ ಸಾಕ್ಷ್ಯವಾದವು! ಜನರ ಬಾಯಲ್ಲಿ ಅವನು ‘ಕ್ರಿಸ್ತವಿರೋಧಿ’ಯಾದ. ಲೋಕ ಮುಗಿಯುವ ಮುನ್ನ ಬಂದು ಭೂಮಿಯನ್ನೆಲ್ಲ ಆಳಿ, ಕೊನೆಗೆ ದೇವರಿಂದ ನಾಶವಾಗುವನೆಂದು ಕ್ರೈಸ್ತರು ನಂಬಿದ ದುಷ್ಟ ದೊರೆ ಅವನು.

ಸ್ವಾರಸ್ಯವಿರುವುದು ಇನ್ನು ಮುಂದೆ. 1807ರ ಜೂನ್‌ನಲ್ಲಿ, ಯುದ್ಧದಲ್ಲಿ ಸೋತ ರಷ್ಯಾದ ಚಕ್ರವರ್ತಿ ಅಲೆಕ್ಸಾಂಡರ್ ಟಿಲ್ಸಿಟ್ ಎಂಬಲ್ಲಿ, ನದಿಯ ನಡುವೆ ಕಟ್ಟಿದ ತೆಪ್ಪದ ಮೇಲೆ, ಇದೇ ನೆಪೋಲಿಯನ್ನನನ್ನು ಅಪ್ಪಿಕೊಂಡ. ಇಬ್ಬರೂ ಮಿತ್ರರಾದರು. ಚರ್ಚಿನ ಪ್ರಕಟಣೆ ತಣ್ಣಗಾಯಿತು. ಆದರೆ ಆರು ತಿಂಗಳು ಅದನ್ನು ಕೇಳಿದ್ದ ರೈತನಿಗೆ, ನಮ್ಮ ದೊರೆ ಆ ಪಾಪಿಯ ಜೊತೆ ಕೈ ಕುಲುಕಿದ್ದಾದರೂ ಏಕೆ ಎಂದು ವಿವರಿಸುವುದು ಯಾವ ಪಾದ್ರಿಗೂ ಸುಲಭವಾಗಿರಲಾರದು.

ಈ ಹೆಸರು ಬಂದದ್ದೆಲ್ಲಿಂದ? ಕನ್ನಡ ಬೈಬಲಿನಲ್ಲಿ ‘ಕ್ರಿಸ್ತವಿರೋಧಿ’ ಎಂಬ ಮಾತು ಯೋಹಾನನ ಹೆಸರಿನ ಪುಟ್ಟ ಪತ್ರಗಳಲ್ಲಿ ಸಿಗುತ್ತದೆ. ಅಲ್ಲಿ ಅವನು ರಾಜನಲ್ಲ, ಒಬ್ಬನೂ ಅಲ್ಲ. ಯೇಸುವೇ ಕ್ರಿಸ್ತನೆಂಬುದನ್ನು ಅಲ್ಲಗಳೆಯುವವರೆಲ್ಲ ಕ್ರಿಸ್ತವಿರೋಧಿಗಳೇ, ಅಂಥವರು ಈಗಾಗಲೇ ಅನೇಕರು ಬಂದಿದ್ದಾರೆ ಎಂಬ ಅರ್ಥದ ಮಾತು ಅಲ್ಲಿದೆ. ಬೈಬಲಿನ ಕೊನೆಯ ಪುಸ್ತಕವಾದ ‘ಪ್ರಕಟನೆ’ಯಲ್ಲಿ ಈ ಪದವೇ ಇಲ್ಲ. ಅಲ್ಲಿರುವುದು ಸಮುದ್ರದಿಂದ ಏಳುವ ಏಳು ತಲೆಯ ಮೃಗ, ಮತ್ತು ಆ ಮೃಗದ ಸಂಖ್ಯೆ 666. ಹಳೆಯ ಒಡಂಬಡಿಕೆಯ ದಾನಿಯೇಲನ ಗ್ರಂಥದ ಅಹಂಕಾರಿ ಅರಸ, ಪೌಲನ ಪತ್ರದ ‘ಅಧರ್ಮಪುರುಷ’, ಇವರನ್ನೆಲ್ಲ ಒಟ್ಟು ಸೇರಿಸಿ ಒಬ್ಬನೇ ಖಳನಾಯಕನನ್ನು ಕಟ್ಟಿದವರು ನಂತರದ ವ್ಯಾಖ್ಯಾನಕಾರರು.

ಹೆಸರಿಗೂ ಸಂಖ್ಯೆಗೂ ಏನು ನಂಟು ಎಂದು ಕೇಳಬಹುದು. ಸಂಗೀತ ಬಲ್ಲ ಮೈಸೂರಿನವರಿಗೆ ಇದು ಬೇಗ ತಿಳಿದೀತು. ಮಾಯಾಮಾಳವಗೌಳ ಎಷ್ಟನೆಯ ಮೇಳವೆಂದು ತಿಳಿಯಲು ನಾವು ಕಟಪಯಾದಿ ಸೂತ್ರ ಹಿಡಿಯುತ್ತೇವೆ. ‘ಮ’ ಅಂದರೆ 5, ‘ಯ’ ಅಂದರೆ 1, ತಿರುಗಿಸಿ ಓದಿದರೆ 15. ಹೀಬ್ರೂ ಮತ್ತು ಗ್ರೀಕ್ ಭಾಷೆಗಳಲ್ಲಿಯೂ ಅಕ್ಷರಗಳೇ ಅಂಕಿಗಳು. ಅಲ್ಲಿ ತಿರುಗಿಸುವುದಿಲ್ಲ, ಕೂಡಿಸುತ್ತಾರೆ. ‘ನೆರೋನ್ ಕೈಸರ್’ ಎಂಬುದನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದು ಕೂಡಿಸಿದರೆ ಸರಿಯಾಗಿ 666 ಬರುತ್ತದೆ. ಕ್ರಿ.ಶ. 64ರಲ್ಲಿ ರೋಮ್ ನಗರ ಸುಟ್ಟಾಗ ಕ್ರೈಸ್ತರ ಮೇಲೆ ತಪ್ಪು ಹೊರಿಸಿ ಹಿಂಸಿಸಿದ ಚಕ್ರವರ್ತಿ ನೀರೋ ಇವನು. ಲ್ಯಾಟಿನ್ ರೂಢಿಯಂತೆ ಕೊನೆಯ ‘ನ್’ ಬಿಟ್ಟು ‘ನೆರೋ’ ಎಂದರೆ 50 ಕಡಿಮೆಯಾಗಿ 616 ಆಗುತ್ತದೆ. ಪ್ರಕಟನೆಯ ಕೆಲವು ಪ್ರಾಚೀನ ಹಸ್ತಪ್ರತಿಗಳಲ್ಲಿ 666ರ ಬದಲು 616 ಎಂದೇ ಇದೆ. ಮೃಗವೆಂದರೆ ನೀರೋ ಎಂದು ಇಂದಿನ ಬಹುಪಾಲು ವಿದ್ವಾಂಸರು ಹೇಳಲು ಇದು ಮುಖ್ಯ ಕಾರಣ. ಆ ಪುಸ್ತಕ ಅಂದಿನ ಓದುಗರಿಗೆ ಅಂದಿನ ದೊರೆಯ ವಿಷಯವನ್ನು ಗುಟ್ಟಾಗಿ ಹೇಳುತ್ತಿತ್ತು.

ಆದರೆ ಗುಟ್ಟಿನ ಕೀಲಿ ಬೇಗನೆ ಕಳೆದುಹೋಯಿತು. ಕ್ರಿ.ಶ. 180ರ ಸುಮಾರಿಗೆ ಬರೆದ ಬಿಷಪ್ ಐರೇನಿಯಸ್‌ಗೇ ಅದು ಗೊತ್ತಿರಲಿಲ್ಲ. ಅವರು ಎರಡು ಮೂರು ಗ್ರೀಕ್ ಹೆಸರುಗಳನ್ನು ಕೂಡಿಸಿ ತೋರಿಸಿ, ಯಾವುದನ್ನೂ ಖಚಿತವಾಗಿ ಹೇಳಲು ಒಪ್ಪಲಿಲ್ಲ. ಹೆಸರು ತಿಳಿಯಬೇಕಿದ್ದರೆ ದರ್ಶನ ಕಂಡವನೇ ಹೇಳುತ್ತಿದ್ದ ಎಂಬುದು ಅವರ ವಾದ. ನನಗೆ ಈ ಇಡೀ ಇತಿಹಾಸದಲ್ಲಿ ಹೆಚ್ಚು ಹಿಡಿಸಿದ ವ್ಯಕ್ತಿ ಈ ಬಿಷಪ್. ನಂತರ ಬಂದವರಿಗೆ ಅಷ್ಟು ತಾಳ್ಮೆ ಇರಲಿಲ್ಲ. 1239ರಲ್ಲಿ ಪೋಪ್ ಒಂಬತ್ತನೇ ಗ್ರೆಗರಿ, ತಮ್ಮೊಡನೆ ಜಗಳಕ್ಕೆ ನಿಂತ ಚಕ್ರವರ್ತಿ ಎರಡನೇ ಫ್ರೆಡರಿಕ್‌ನನ್ನು ಸಮುದ್ರದಿಂದ ಎದ್ದ ಮೃಗವೆಂದರು. ಚಕ್ರವರ್ತಿಯ ಕಡೆಯವರು ಅದೇ ಮಾತನ್ನು ಪೋಪರತ್ತ ತಿರುಗಿಸಿದರು. 1520ರ ಹೊತ್ತಿಗೆ ಮಾರ್ಟಿನ್ ಲೂಥರ್ ಪೋಪ್ ಪದವಿಯೇ ಕ್ರಿಸ್ತವಿರೋಧಿ ಎಂದು ಸಾರಿದರು. ಪ್ರಾಟೆಸ್ಟೆಂಟ್ ನಾಡುಗಳಲ್ಲಿ ಇದು ಶತಮಾನಗಳ ಕಾಲ ಪಾಠದಂತೆ ಉಳಿಯಿತು.

ಇಲ್ಲಿಂದ ಮತ್ತೆ ಶ್ರೀರಂಗಪಟ್ಟಣಕ್ಕೆ ಬರೋಣ. 1798ರ ಫೆಬ್ರವರಿಯಲ್ಲಿ ಫ್ರೆಂಚ್ ಸೈನ್ಯ ರೋಮ್ ಪ್ರವೇಶಿಸಿ ಪೋಪ್ ಆರನೇ ಪಯಸ್ ಅವರನ್ನು ಸೆರೆ ಹಿಡಿಯಿತು. ಪ್ರಕಟನೆಯಲ್ಲಿ ಬರುವ 1260 ದಿನಗಳನ್ನು ವರ್ಷಗಳೆಂದು ಎಣಿಸಿ, ಕ್ರಿ.ಶ. 538ರಿಂದ ಲೆಕ್ಕ ಹಿಡಿದವರಿಗೆ 1798 ಸರಿಯಾಗಿ ಹೊಂದಿತು. ಕ್ರಿಸ್ತವಿರೋಧಿಯ ಆಳ್ವಿಕೆ ಮುಗಿಯಿತೆಂದು ಇಂಗ್ಲೆಂಡಿನ ಕೆಲವು ಪಂಡಿತರು ಹಿಗ್ಗಿದರು. ಪೋಪ್ 1799ರ ಆಗಸ್ಟ್ 29ರಂದು ಫ್ರಾನ್ಸಿನ ಸೆರೆಯಲ್ಲೇ ತೀರಿಕೊಂಡರು. ಟಿಪ್ಪು ಮಡಿದು ಆಗ ನಾಲ್ಕು ತಿಂಗಳೂ ಆಗಿರಲಿಲ್ಲ. ಅದೇ ವರ್ಷ, ಟಿಪ್ಪುವಿನ ಕಾಲದಲ್ಲಿ ಚದುರಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಶ್ರೀರಂಗಪಟ್ಟಣಕ್ಕೆ ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ, ಹಳ್ಳಿಯವರ ಬಾಯಲ್ಲಿ ‘ದೊಡ್ಡ ಸ್ವಾಮಿಯವರು’. ಗಂಜಾಂನಲ್ಲಿ ಅವರ ಹೆಸರಿನ ಚರ್ಚು ಈಗಲೂ ಇದೆ. ಕ್ರಾಂತಿಯ ಕೋಪದಿಂದ ತಪ್ಪಿಸಿಕೊಂಡು ಬಂದ ಈ ಕ್ಯಾಥೊಲಿಕ್ ಪಾದ್ರಿಗೆ ಆಶ್ರಯ ಕೊಟ್ಟವರು ಪ್ರಾಟೆಸ್ಟೆಂಟ್ ಇಂಗ್ಲಿಷರು. ಅವರ ದೇಶದ ಗ್ರಂಥಗಳ ಪ್ರಕಾರವಾದರೆ ಅವರು ಕ್ರಿಸ್ತವಿರೋಧಿಯ ಸೇವಕ. ಅವರನ್ನು ಓಡಿಸಿದ ಫ್ರೆಂಚರು ಕ್ರಿಸ್ತವಿರೋಧಿಯನ್ನು ಕೆಡವಿದವರು. ಇನ್ನು ಕೆಲವೇ ವರ್ಷಗಳಲ್ಲಿ ಆ ಫ್ರೆಂಚರ ನಾಯಕನೇ ಕ್ರಿಸ್ತವಿರೋಧಿ! ನೆಪೋಲಿಯನ್ ಎಂಬ ಹೆಸರು ಪ್ರಕಟನೆಯ ಪಾತಾಳದೂತ ‘ಅಪೊಲ್ಯೋನ್’ನನ್ನು ಹೋಲುತ್ತದೆಂದು ಇಂಗ್ಲೆಂಡಿನ ಕರಪತ್ರಗಾರರು ಪತ್ತೆ ಹಚ್ಚಿದರು. ಗ್ರಂಥ ಬದಲಾಗಲಿಲ್ಲ, ಯುದ್ಧದ ಸುದ್ದಿ ಬದಲಾಯಿತು.

ಇದು ನಕ್ಕು ಬಿಡುವ ವಿಷಯವಷ್ಟೇ ಅಲ್ಲ. 17ನೇ ಶತಮಾನದ ರಷ್ಯಾದಲ್ಲಿ ಪೂಜಾವಿಧಿಗಳನ್ನು ತಿದ್ದಿದಾಗ, ಮೂರು ಬೆರಳಿನಿಂದ ಶಿಲುಬೆಯ ಗುರುತು ಮಾಡುವುದೇ ಕ್ರಿಸ್ತವಿರೋಧಿಯ ಮುದ್ರೆಯೆಂದು ‘ಹಳೆಯ ನಂಬಿಕೆ’ಯವರು ತಿಳಿದರು. ಸೈನಿಕರು ಬಂದಾಗ ಸಾವಿರಾರು ಮಂದಿ, ಹೆಂಗಸರು ಮಕ್ಕಳು ಸೇರಿ, ಮರದ ಪ್ರಾರ್ಥನಾಮಂದಿರಗಳಲ್ಲಿ ಬಾಗಿಲು ಹಾಕಿಕೊಂಡು ಬೆಂಕಿ ಹಚ್ಚಿಕೊಂಡು ಸತ್ತರು. ಮುಂದೆ ಗಡ್ಡ ಬೋಳಿಸಲು ಆಜ್ಞೆ ಮಾಡಿದ ಪೀಟರ್ ದೊರೆಯೂ ಅವರಲ್ಲಿ ಹಲವರಿಗೆ ಕ್ರಿಸ್ತವಿರೋಧಿಯೇ ಆದ. ಕೆಟ್ಟ ದೊರೆಗೆ ತೆರಿಗೆ ಕೊಡಬಹುದು, ಅರ್ಜಿ ಹಾಕಬಹುದು, ಜಗಳವಾಡಬಹುದು. ಕ್ರಿಸ್ತವಿರೋಧಿಯ ಜೊತೆ ಅದು ಯಾವುದಕ್ಕೂ ದಾರಿಯಿಲ್ಲ.

ನಮ್ಮಲ್ಲಿಯೂ ಕಾಲಜ್ಞಾನಗಳಿಗೆ ಕೊರತೆಯಿಲ್ಲ. ಕೊಡೇಕಲ್ ಬಸವಣ್ಣನವರಿಂದ ಕೈವಾರದ ತಾತಯ್ಯನವರವರೆಗೆ ದೊಡ್ಡ ಪರಂಪರೆಯೇ ಇದೆ. ವೀರಬ್ರಹ್ಮೇಂದ್ರರ ಹೆಸರಿನ ಕಾಲಜ್ಞಾನದ ಮಾತನ್ನು ಇಂದಿರಾ ಗಾಂಧಿಯವರಿಗೆ ಹೊಂದಿಸಿದವರೂ ಉಂಟು. ಆದರೆ ವೀರಶೈವ ಕಾಲಜ್ಞಾನಗಳು ಹೆಚ್ಚಾಗಿ ಕಾಯುವುದು ವೀರವಸಂತರಾಯನೆಂಬ ಒಳ್ಳೆಯ ದೊರೆಯನ್ನು. ಬರಲಿರುವ ರಕ್ಷಕನಿಗೆ ಹೆಸರಿಡುವುದಕ್ಕೂ, ಈಗಿರುವ ಎದುರಾಳಿಗೆ ಮೃಗದ ಹೆಸರಿಡುವುದಕ್ಕೂ ವ್ಯತ್ಯಾಸವಿದೆ.

20ನೇ ಶತಮಾನದಲ್ಲಿ ಈ ಪಟ್ಟಿ ಬೆಳೆಯುತ್ತಲೇ ಹೋಯಿತು. ರೋಮ್ ಸಾಮ್ರಾಜ್ಯವನ್ನು ಮತ್ತೆ ಕಟ್ಟುತ್ತೇನೆಂದ ಮುಸೊಲಿನಿ ಅಮೆರಿಕದ ಅನೇಕ ಬೋಧಕರಿಗೆ ಖಚಿತ ಅಭ್ಯರ್ಥಿಯಾಗಿದ್ದ. 1945ರಲ್ಲಿ ಅವನು ಸತ್ತಾಗ ಆ ಪುಸ್ತಕಗಳೂ ಮೂಲೆ ಸೇರಿದವು. ರೊನಾಲ್ಡ್ ವಿಲ್ಸನ್ ರೇಗನ್ ಅವರ ಮೂರೂ ಹೆಸರುಗಳಲ್ಲಿ ಇಂಗ್ಲಿಷಿನ ಆರಾರು ಅಕ್ಷರ. ಮಿಖಾಯಿಲ್ ಗೋರ್ಬಚೆವ್ ಅವರ ಹಣೆಯ ಮೇಲೆ ಮಚ್ಚೆ. 1987ರ ಡಿಸೆಂಬರ್‌ನಲ್ಲಿ ಇವರಿಬ್ಬರೂ ಅಣ್ವಸ್ತ್ರ ಕ್ಷಿಪಣಿ ಒಪ್ಪಂದಕ್ಕೆ ಸಹಿ ಹಾಕಿದರು. ಮರುವರ್ಷವೇ ಗೋರ್ಬಚೆವ್ ಕ್ರಿಸ್ತವಿರೋಧಿಯೇ ಎಂದು ಕೇಳುವ ಪುಸ್ತಕ ಅಮೆರಿಕದಲ್ಲಿ ಬಂತು. ಕ್ರಿಸ್ತವಿರೋಧಿ ಮೊದಲು ಶಾಂತಿದೂತನಾಗಿ ಬರುತ್ತಾನೆಂದು ಈ ವ್ಯಾಖ್ಯಾನಕಾರರು ನಂಬುವುದರಿಂದ, ಕೈ ಚಾಚುವ ನಾಯಕನ ಮೇಲೆಯೇ ಅನುಮಾನ ಹೆಚ್ಚು. 1986ರ ಫೆಬ್ರವರಿಯಲ್ಲಿ ನಮ್ಮ ಮಂಗಳೂರಿಗೂ ಬಂದಿದ್ದ ಪೋಪ್ ಎರಡನೇ ಜಾನ್ ಪಾಲ್ ಅವರಿಗೆ 1988ರಲ್ಲಿ ಯುರೋಪಿನ ಸಂಸತ್ತಿನಲ್ಲೇ, ಉತ್ತರ ಐರ್ಲೆಂಡಿನ ಇಯಾನ್ ಪೇಸ್ಲಿ ಎದ್ದು ನಿಂತು ನೀವು ಕ್ರಿಸ್ತವಿರೋಧಿ ಎಂದು ಕೂಗಿದರು. ಪೇಸ್ಲಿಯವರನ್ನು ಹೊರಗೆ ಹಾಕಲಾಯಿತು.

ಕೂಡಿಕೆಯ ಲೆಕ್ಕಗಳನ್ನು ಪೆನ್ಸಿಲ್ ಹಿಡಿದು ನಾನೂ ಮಾಡಿ ನೋಡಿದೆ. ಇಂಗ್ಲಿಷಿನ ‘ಎ’ಗೆ 100, ‘ಬಿ’ಗೆ 101 ಎಂದು ಹಿಡಿದರೆ ಹಿಟ್ಲರ್ ಎಂಬುದು 666 ಆಗುತ್ತದೆ, ನಿಜ. ಆದರೆ 100ರಿಂದಲೇ ಏಕೆ ಶುರು ಮಾಡಬೇಕು? ಉತ್ತರ ಬರಲಿ ಎಂದು ಅಷ್ಟೇ. ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’ ಕಾದಂಬರಿಯ ಪಿಯೆರ್ ಇದೇ ಕೆಲಸಕ್ಕೆ ಕೂರುತ್ತಾನೆ. ‘ಚಕ್ರವರ್ತಿ ನೆಪೋಲಿಯನ್’ ಎಂಬುದನ್ನು ಫ್ರೆಂಚಿನಲ್ಲಿ ಬರೆದು ಕೂಡಿಸಿದರೆ 666. ಅದಕ್ಕಾಗಿ, ವ್ಯಾಕರಣದಂತೆ ಲೋಪವಾಗಬೇಕಾದ ಒಂದು ‘ಇ’ ಅಕ್ಷರವನ್ನು ಉಳಿಸಿಕೊಳ್ಳಬೇಕು. ನೆಪೋಲಿಯನ್ನನನ್ನು ಕೊನೆಗಾಣಿಸುವವನು ತಾನೇ ಇರಬಹುದೆಂಬ ಆಸೆಯಿಂದ ಪಿಯೆರ್ ತನ್ನ ಹೆಸರನ್ನೂ ಕೂಡಿಸುತ್ತಾನೆ. ಹೊಂದುವುದಿಲ್ಲ. ಹೆಸರಿನ ಮುಂದೆ ‘ರಷ್ಯನ್’ ಎಂದು ಸೇರಿಸಿದರೆ 671 ಬರುತ್ತದೆ, ಐದು ಹೆಚ್ಚು. ‘ಇ’ ಅಕ್ಷರದ ಬೆಲೆ ಐದು. ಈ ಸಲ ಇರಲೇಬೇಕಾದ ಆ ‘ಇ’ಯನ್ನು ಅವನು ಹೊಡೆದು ಹಾಕುತ್ತಾನೆ.