ಮೈಮೂನಾಳ ಸಮಾಧಿಶಿಲೆ ಮತ್ತು ಗೋಝೋ ದ್ವೀಪದ ಪಾಠ



ಭೂಮಿಯಲ್ಲಿ ಸಂಚರಿಸುವಂತೆ, ಗತಿಸಿಹೋದ ಜನಾಂಗಗಳಿಂದ ಪಾಠ ಕಲಿಯುವಂತೆ ಪವಿತ್ರ ಕುರ್‌ಆನ್ ನಮಗೆ ಮತ್ತೆ ಮತ್ತೆ ಹೇಳುತ್ತದೆ. ಹಾಗೆ ನೋಡಿ ಕಲಿಯಬೇಕಾದ ಸ್ಥಳಗಳಲ್ಲಿ ಮೆಡಿಟರೇನಿಯನ್ ಸಮುದ್ರದ ಗೋಝೋ ಕೂಡ ಒಂದು. ಇಟಲಿಯ ಸಿಸಿಲಿಗೆ ದಕ್ಷಿಣದಲ್ಲಿರುವ ಮಾಲ್ಟಾ ದೇಶಕ್ಕೆ ಸೇರಿದ ಈ ದ್ವೀಪದ ವಿಸ್ತೀರ್ಣ ಕೇವಲ 67 ಚದರ ಕಿಲೋಮೀಟರ್. ಮಾಲ್ಟಾದಿಂದ ದೋಣಿಯಲ್ಲಿ ಅರ್ಧ ಗಂಟೆಯೊಳಗಿನ ದಾರಿ. ಗದ್ದಲವಿಲ್ಲದ ಹಳ್ಳಿಗಳು, ಕಡಲಂಚಿನ ಉಪ್ಪಿನ ಮಡಿಗಳು, ಈಜಿಪ್ಟಿನ ಪಿರಮಿಡ್ಡುಗಳಿಗಿಂತಲೂ ಹಳೆಯದಾದ ಜ್ಗಂತಿಯಾ ಎಂಬ ಕಲ್ಲಿನ ದೇಗುಲಗಳು ಅಲ್ಲಿವೆ.

ದ್ವೀಪದ ಮುಖ್ಯ ಪಟ್ಟಣಕ್ಕೆ 1887ರಲ್ಲಿ ಬ್ರಿಟಿಷರು ವಿಕ್ಟೋರಿಯಾ ಎಂದು ಹೆಸರಿಟ್ಟರು. ಆದರೆ ಸ್ಥಳೀಯರ ಬಾಯಲ್ಲಿ ಅದು ಇಂದಿಗೂ ‘ರಬಾತ್’. ಇದು ಅರಬಿ ಹೆಸರು. ಕ್ರಿ.ಶ. 870ರಲ್ಲಿ ಉತ್ತರ ಆಫ್ರಿಕಾದ ಅಗ್ಲಬೀ ಆಡಳಿತಗಾರರು ಮಾಲ್ಟಾವನ್ನು ಗೆದ್ದರು. 1091ರಲ್ಲಿ ಸಿಸಿಲಿಯ ನಾರ್ಮನ್ ಕ್ರೈಸ್ತ ದೊರೆ ಒಂದನೇ ರೋಜರ್ ಅದನ್ನು ವಶಪಡಿಸಿಕೊಂಡ. ರಾಜ್ಯ ಕೈತಪ್ಪಿತು, ಆದರೆ ಮುಸ್ಲಿಮರು ಅಲ್ಲೇ ಬಾಳಿದರು.

ಇದಕ್ಕೆ ಸಾಕ್ಷಿಯಾದ ಒಂದು ಅಮೃತಶಿಲೆಯ ಹಲಗೆ ರಬಾತ್‌ನ ಕೋಟೆಯೊಳಗಿನ ವಸ್ತುಸಂಗ್ರಹಾಲಯದಲ್ಲಿದೆ. ಅದು ಮೈಮೂನಾ ಎಂಬಾಕೆಯ ಕಬರ್‌ನ ಕಲ್ಲು. ರೋಮನ್ನರ ಕಾಲದ ಹಳೆಯ ಶಿಲೆಯ ಹಿಂಬದಿಯಲ್ಲಿ ಕೂಫೀ ಲಿಪಿಯಲ್ಲಿ ಕೆತ್ತಲಾಗಿದೆ. ಆಕೆ ಹಸನ್ ಎಂಬವರ ಮಗಳು. ಮರಣ ಹಿಜರಿ 569ರ ಶಅಬಾನ್ 16, ಅಂದರೆ ಕ್ರಿ.ಶ. 1174. ಮರಣವನ್ನು ತಡೆಯಬಲ್ಲದ್ದು ಈ ಲೋಕದಲ್ಲಿ ಏನಾದರೂ ಇದೆಯೇ ಎಂದು ಆ ಬರಹ ನೋಡುವವರನ್ನು ಪ್ರಶ್ನಿಸುತ್ತದೆ. ಮುಸ್ಲಿಮರ ಆಳ್ವಿಕೆ ಮುಗಿದು 83 ವರ್ಷ ಕಳೆದಿದ್ದರೂ ಒಂದು ಕುಟುಂಬ ತನ್ನ ಮಗಳ ಕಬರ್‌ನ ಮೇಲೆ ಅಲ್ಲಾಹನ ವಚನಗಳನ್ನು ಕೆತ್ತಿಸಿತ್ತು. ಅಧಿಕಾರವಿಲ್ಲದೆಯೂ ದೀನ್ ಉಳಿಯುತ್ತದೆ ಎಂಬುದಕ್ಕೆ ಬೇರೆ ಪುರಾವೆ ಬೇಕೆ?

13ನೇ ಶತಮಾನದ ಮಧ್ಯದ ಹೊತ್ತಿಗೆ, ಚಕ್ರವರ್ತಿ ಎರಡನೇ ಫ್ರೆಡ್ರಿಕ್‌ನ ಕಾಲದಲ್ಲಿ, ಮುಸ್ಲಿಮರನ್ನು ಅಲ್ಲಿಂದ ಹೊರಹಾಕಲಾಯಿತು. ಹಲವರು ಕ್ರೈಸ್ತರಾಗಿ ಉಳಿದುಕೊಂಡರು ಎಂದು ಇತಿಹಾಸಕಾರರು ಹೇಳುತ್ತಾರೆ. ಆದರೆ ಭಾಷೆ ಉಳಿಯಿತು. ಅರಬಿಯಿಂದ ಹುಟ್ಟಿ ಲ್ಯಾಟಿನ್ ಲಿಪಿಯಲ್ಲಿ ಬರೆಯಲ್ಪಡುವ ಮಾಲ್ಟೀಸ್ 2004ರಿಂದ ಯುರೋಪಿಯನ್ ಒಕ್ಕೂಟದ ಅಧಿಕೃತ ಭಾಷೆಗಳಲ್ಲೊಂದು. ಅಲ್ಲಿ ಮನೆ ‘ದಾರ್’, ನೀರು ‘ಇಲ್ಮಾ’, ಶುಕ್ರವಾರ ‘ಜಿಮಾ’. ಚರ್ಚಿನಲ್ಲಿ ಪ್ರಾರ್ಥಿಸುವವರು ದೇವನನ್ನು ‘ಅಲ್ಲಾ’ ಎಂದೇ ಕರೆಯುತ್ತಾರೆ. ಈಸ್ಟರ್‌ಗೆ ಮುಂಚಿನ ಉಪವಾಸ ಕಾಲಕ್ಕೆ ‘ರಂದಾನ್’ ಎನ್ನುತ್ತಾರೆ. ಹೆಸರು ಉಳಿದೂ ನಮಾಝ್ ಉಳಿಯದಿರಬಹುದು ಎಂಬುದನ್ನು ಮಕ್ಕಳಿಗೆ ಚಂದದ ಅರಬಿ ಹೆಸರಿಟ್ಟು ಸಮಾಧಾನಪಡುವ ನಾವು ಯೋಚಿಸಬೇಕು.

ಈ ದ್ವೀಪದ ಇನ್ನೊಂದು ನೆನಪು ನಮಗೆ ಹಿತವಾದುದಲ್ಲ. 1551ರ ಜುಲೈ ತಿಂಗಳಲ್ಲಿ ಸಿನಾನ್ ಪಾಶಾ ಮತ್ತು ತುರ್ಗುತ್ ರಈಸ್‌ರ ನೇತೃತ್ವದ ಉಸ್ಮಾನೀ ನೌಕಾಪಡೆ ಇದೇ ಕೋಟೆಗೆ ಫಿರಂಗಿ ಹಾರಿಸಿತು. ಸುಮಾರು 5,000 ಜನರನ್ನು, ಅಂದರೆ ಬಹುತೇಕ ಇಡೀ ದ್ವೀಪವನ್ನೇ, ಸೆರೆಹಿಡಿದು ಗುಲಾಮರನ್ನಾಗಿ ಒಯ್ದರು. ದಾಳಿಯ ಭಯದಿಂದ 1637ರವರೆಗೂ ಅಲ್ಲಿನ ಜನರು ರಾತ್ರಿ ಕೋಟೆಯೊಳಗೇ ಮಲಗಬೇಕೆಂಬ ನಿಯಮವಿತ್ತು. ಅತ್ತ ಮಾಲ್ಟಾವನ್ನು ಆಳುತ್ತಿದ್ದ ಕ್ರೈಸ್ತ ಸೇನಾನಿಗಳೂ ಮುಸ್ಲಿಮರನ್ನು ಹಿಡಿದು ಹಡಗುಗಳಲ್ಲಿ ಹುಟ್ಟು ಹಾಕಿಸುತ್ತಿದ್ದರು. 1798ರಲ್ಲಿ ನೆಪೋಲಿಯನ್ ಬಂದ ಮೇಲೆಯೇ ಅಲ್ಲಿ ಗುಲಾಮಗಿರಿ ರದ್ದಾಯಿತು.

‘ಅವರೂ ಮಾಡಿದರಲ್ಲ’ ಎಂಬ ಮಾತು ಅಲ್ಲಾಹನ ಮುಂದೆ ಉತ್ತರವಾಗದು. ನ್ಯಾಯದ ಸಾಕ್ಷ್ಯವು ಸ್ವತಃ ನಮಗೆ, ನಮ್ಮ ಹೆತ್ತವರಿಗೆ ವಿರುದ್ಧವಾದರೂ ಅದರಲ್ಲಿ ದೃಢವಾಗಿರಬೇಕೆಂದು ಸೂರಃ ಅನ್ನಿಸಾದ 135ನೇ ವಚನ ಆಜ್ಞಾಪಿಸುತ್ತದೆ. ಗುಲಾಮರ ವಿಮೋಚನೆಯನ್ನು ಕುರ್‌ಆನ್ ದೊಡ್ಡ ಪುಣ್ಯವೆಂದಿದೆ, ಝಕಾತ್‌ನಲ್ಲೂ ಅದಕ್ಕೆ ಪಾಲಿಟ್ಟಿದೆ. ಹಾಗಿರುವಾಗ ಹಸುಗೂಸುಗಳ ತಾಯಂದಿರನ್ನು ಸೆರೆಯೊಯ್ದುದನ್ನು ದೀನ್‌ನ ವಿಜಯವೆಂದು ಮಕ್ಕಳಿಗೆ ಹೇಳಿಕೊಡುವುದು ಸಲ್ಲದು. ಮೈಮೂನಾಳ ಜನರನ್ನು ಹೊರದಬ್ಬಿದ್ದು ಅನ್ಯಾಯವೆನ್ನುವ ನಾಲಗೆ 1551ರದ್ದನ್ನೂ ಅನ್ಯಾಯವೆನ್ನಬೇಕು. ಇತಿಹಾಸವನ್ನು ಹಾಗೆ ಓದಿದವನ ಮಾತನ್ನೇ ನೆರೆಯವರೂ ನಂಬುತ್ತಾರೆ.

ನಮಗೂ ನಮ್ಮ ಸಂತತಿಗೂ ಹೆಸರಿನ ಜೊತೆಗೆ ಈಮಾನನ್ನೂ, ಅಭಿಮಾನದ ಜೊತೆಗೆ ನ್ಯಾಯವನ್ನೂ ಅಲ್ಲಾಹನು ಕರುಣಿಸಲಿ. ಆಮೀನ್.